ನನ್ನ ಪರದೆಯಲ್ಲಿಲ್ಲದ ‘ತಿದ್ದುಪಡಿ’

...ಇತ್ತೆಂದೇ ನನ್ನ ನೆನಪು, ‘ರದ್ದು’ ಎಂಬುದರ ಮೇಲೆಯೋ ಕೆಳಗೆಯೋ. ಆದರೆ ನನ್ನ ನೆನಪಿನ ಸಾಕ್ಷ್ಯವನ್ನು ನಾನೇ ನಂಬದಿರುವಾಗ ನೀವು ನಂಬಬೇಕೆಂದು ಕೇಳಲಾರೆ. ತಿಪಟೂರಿನ ನಮ್ಮ ಕೊಬ್ಬರಿ ಮಂಡಿಯ ಕಂಪ್ಯೂಟರಿನಲ್ಲಿ ನನ್ನ ಹೆಸರು ಹಾಕಿ ಒಳಹೊಕ್ಕರೆ ಎಡಗಡೆ ಇಳಿಯುವ ಮೆನುವಿನಲ್ಲಿ ‘ತಿದ್ದುಪಡಿ’ ಎಂಬ ಸಾಲೊಂದು ಇತ್ತು. ಕಳೆದ ಸೋಮವಾರ ಇರಲಿಲ್ಲ.

ಅದು ತಿಳಿದದ್ದು ಹಂದನಕೆರೆಯ ಸಿದ್ದಮ್ಮ ಎದುರಿಗೆ ನಿಂತಿದ್ದಾಗ. ಆಕೆಯ ಕೊಬ್ಬರಿಯನ್ನು ತಂದಿಳಿಸಿದ ಮೈದುನ ತನ್ನ ಹೆಸರನ್ನೇ ಬರೆಸಿ ಹೋಗಿದ್ದ.

“ತೋಟ ನಂದು, ಅಟ್ಟದ ಮ್ಯಾಲೆ ವರ್ಸ ಕಾಯ್ದಿದ್ದು ನಾನು. ಬಿಲ್ಲು ಹೋಗಾಕ್ ಮುಂಚೆ ನನ್ನೆಸ್ರಿಗೆ ಮಾಡ್ಕೊಡಪ್ಪ” ಎಂದರು. ಬಿಲ್ಲು ಅಂದೇ ಸಂಜೆ ಹೊರಡುವುದಿತ್ತು. ಹೊರಟರೆ ಹಣ ಮೈದುನನ ಖಾತೆಗೆ.

“ಅಷ್ಟೇ ತಾನೆ, ಕೂತ್ಕೊಳಮ್ಮ” ಎಂದು ಯಜಮಾನನ ಗತ್ತಿನಲ್ಲಿ ಕುರ್ಚಿ ಎಳೆದುಕೊಂಡೆ.

ಸಾಲೇ ಇಲ್ಲ. ಬೀಗ ಹಾಕಿದ ಬಾಗಿಲಾದರೆ ಬೈಯುವುದಕ್ಕೆ ಬೀಗವಾದರೂ ಕಾಣುತ್ತದೆ. ಈ ತಂತ್ರಾಂಶದ ಸಭ್ಯತೆ ಎಂಥದೆಂದರೆ, ಯಾರಿಗೆ ಯಾವುದು ಸಲ್ಲದೋ ಅವರ ಪಾಲಿಗೆ ಅದು ಹುಟ್ಟಿಯೇ ಇರುವುದಿಲ್ಲ. ಯಾರಿಗೆ ಏನು ಕಾಣಬೇಕೆಂದು ಗುರುತು ಹಾಕುವವಳು ನನ್ನ ಹೆಂಡತಿ ಗಿರಿಜೆ. ಅವಳು ಊಟಕ್ಕೆ ಹೋಗಿದ್ದಳು. ‘ನನಗೆ ಅಧಿಕಾರವಿಲ್ಲ’ ಎಂಬಷ್ಟು ಸಣ್ಣ ಮಾತು ನನ್ನ ಬಾಯಿಗೆ ಬರಲಿಲ್ಲ.

“ಕರೆಂಟಿಲ್ಲ ಕಣಮ್ಮ, ನಾಳೆ ಬಾ.”

ಸಿದ್ದಮ್ಮ ತಲೆಯೆತ್ತಿದರು. “ಫ್ಯಾನು ತಿರುಗ್ತಾ ಐತಲ್ಲಪ್ಪ.”

“ಅದು ಬೇರೆ ಲೈನು.”

“ನಾಳೆ ಬಂದ್ರೆ ಬಿಲ್ಲು ಕಾಯ್ಕಂಡ್ ಕೂತಿರ್ತೈತಾ?”

ನಾನು ಪರದೆಯನ್ನೇ ನೋಡುತ್ತಿದ್ದೆ. ನನ್ನ ಮುಖ ಉಳಿಯಲೆಂದು ಆಕೆಯ ವರ್ಷದ ಫಸಲನ್ನು ಮೈದುನನಿಗೆ ಬಿಟ್ಟುಕೊಡಲು ನಾನು ತಯಾರಾಗಿದ್ದೆ. ಇದನ್ನು ನಿಮ್ಮೆದುರು ತಮಾಷೆಯಾಗಿ ಹೇಳುತ್ತಿರುವುದೂ ಬಹುಶಃ ಅಂಥದೇ ಇನ್ನೊಂದು ‘ಬೇರೆ ಲೈನು’.

ಆಕೆ ಎದ್ದುಹೋಗದೆ ಫ್ಯಾನಿನ ಕೆಳಗೇ ಕೂತದ್ದರಿಂದ ಕೆಲಸ ಉಳಿಯಿತು. ಗಿರಿಜೆ ಬಂದಳು, ವಿಷಯ ಕೇಳಿದಳು, ತನ್ನ ಹೆಸರಿನಲ್ಲಿ ಒಳಹೊಕ್ಕು ಬಿಲ್ಲನ್ನು ಸಿದ್ದಮ್ಮನ ಹೆಸರಿಗೆ ಬದಲಾಯಿಸಿದಳು.

“ಕರೆಂಟ್ ಬಂತಾ ತಾಯಿ?” ಸಿದ್ದಮ್ಮ ಕೇಳಿದ್ದು ಅವಳನ್ನು, ನೋಡಿದ್ದು ನನ್ನನ್ನು.

ಆಕೆ ಹೋದ ಮೇಲೆ, “ನನ್ನದನ್ನ ಯಾಕೆ ತೆಗೆದೆ?” ಎಂದೆ.

“ನೀವೇ ತೆಗ್ಸಿದ್ರಲ್ರೀ! ಇಬ್ರು ರೈತರ ತೂಕ ಅದಲುಬದಲು ಮಾಡಿದ್ ದಿನ, ‘ಇದನ್ನ ನನ್ ಕೈಗೆ ಕೊಡ್ಲೇಬೇಡ’ ಅಂದ್ರಿ.”

ಅದಲುಬದಲು ಮಾಡಿದ್ದು ನೆನಪಿದೆ. ಅಂದದ್ದು ನೆನಪಿಲ್ಲ.

ಇನ್ನೊಂದು ನೆನಪು, ಇದೂ ಅನುಮಾನದ್ದೇ. ಮದುವೆಯಾದ ಹೊಸತರಲ್ಲಿ ಗಿರಿಜೆ ನನಗೆ ಊಟ ತಂದು ಇದೇ ಮಂಡಿಯ ಹೊಸಿಲಾಚೆ ನಿಲ್ಲುತ್ತಿದ್ದಳು. ಒಳಗೆ ಬರಬೇಡವೆಂದು ಯಾರೂ ಅಂದಿರಲಿಲ್ಲ, ನಾನಂತೂ ಅಂದಿಲ್ಲ. ‘ಬಾ’ ಎಂದೂ ಅಂದಿಲ್ಲ. ಆ ಬಾಗಿಲು ಆಗ ಅವಳಿಗೆ ಕಾಣುತ್ತಿತ್ತೇ? ಇಷ್ಟು ವರ್ಷ ಕೇಳಬೇಕೆನಿಸಿರಲಿಲ್ಲ. ಈಗ ಕೇಳಲು ಮುಖವಿಲ್ಲ.

ಗಿರಿಜೆ ‘ತಿದ್ದುಪಡಿ’ಯನ್ನು ನನ್ನ ಪರದೆಗೆ ಮರಳಿಸಿದ್ದಾಳೆ, ‘ರದ್ದು’ ಎಂಬುದರ ಕೆಳಗೆ. ಇನ್ನೂ ಒತ್ತಿಲ್ಲ. ಮೊದಲು ಅಲ್ಲೇ ಇತ್ತೋ ಇಲ್ಲವೋ, ಆ ಮಾತು ನಾನು ನಿಜಕ್ಕೂ ಆಡಿದೆನೋ ಅಥವಾ ನನ್ನ ಮುಖ ಉಳಿಸಲು ಗಿರಿಜೆ ಅಲ್ಲೇ ಹೊಸೆದಳೋ, ನನಗೆ ಗೊತ್ತಿಲ್ಲ.