ಕೋವಿಗೆ ಇಟ್ಟ ಕುಂಕುಮ

ಅಜ್ಜಂಪುರದ ಸಂತೆಬೀದಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ ಆ ಮೆಕ್ಯಾನಿಕ್ಕು, ಏನನ್ನೇ ಬಿಚ್ಚುವ ಮೊದಲು ಎರಡೂ ಅಂಗೈ ತೋರಿಸಿ, "ವಿಲಾಯ್ತಿಯೋನಿಗೂ ಎರಡೇ ಕೈ ಕಣ್ರೀ" ಅನ್ನುತ್ತಿದ್ದ. ಅವನ ಅಂಗಡಿಯ ತುಂಬ ಬಿಚ್ಚಿದ ಸಾಮಾನೇ ಇತ್ತು. ಜೋಡಿಸಿದ್ದನ್ನು ಕಂಡವರು ಕಡಿಮೆ.

ಬುಕ್ಕಾಂಬುಧಿ ಕಡೆಯ ಪಟೇಲರೊಬ್ಬರು ಒಮ್ಮೆ ತಮ್ಮ ರೈಫಲ್ ತಂದರು. ನಳಿಗೆಯೊಳಗೆ ತುಕ್ಕು ಹಿಡಿದಿತ್ತು. ಒರೆಸಿಕೊಡು ಅಂದರೆ ಇವನು ನಳಿಗೆಯನ್ನೇ ಕಳಚಲು ಹೊರಟ. ಗಾಡಿಯ ಹಳೇ ಅಚ್ಚನ್ನು ಬಡಿದು ಪಾನಾ ಮಾಡಿದ. ಜಾಲಿಮರದ ದಿಮ್ಮಿ ಕೊರೆದು ಅದರಲ್ಲಿ ನಳಿಗೆಯನ್ನು ಬಿಗಿದ. ವಾಪಸ್ ಕೂರಿಸುವಾಗ ಗುರುತು ಸಿಗಲೆಂದು ನಳಿಗೆಗೂ ಅದು ತಿರುಪಿಕೊಂಡು ಕೂರುವ ಬುಡಕ್ಕೂ ಒಂದೊಂದು ಕುಂಕುಮದ ಬೊಟ್ಟಿಟ್ಟ. ನಾಲ್ಕು ಜನ ಪಾನಾಕ್ಕೆ ಜೋತುಬಿದ್ದ ಮೇಲೆ ನಳಿಗೆ ಕಿರ್ರೆಂದು ಬಿಚ್ಚಿಕೊಂಡಿತು. ಬೀದಿಯೇ ಬೆರಗಾಯಿತು.

ಮಾರನೇ ದಿನ ಆಯುಧಪೂಜೆ. ಭಕ್ತಿಯಲ್ಲಿ ಅವನಿಗೆ ಸಾಟಿಯಿಲ್ಲ. ಪಾನಾ, ಸುತ್ತಿಗೆ, ನಳಿಗೆ, ಬುಡ ಎಲ್ಲಕ್ಕೂ ಮೈತುಂಬ ಕುಂಕುಮ ಇಟ್ಟು ಮಂಗಳಾರತಿ ಎತ್ತಿದ. ಗುರುತಿನ ಬೊಟ್ಟು ಯಾವುದು, ಪೂಜೆಯ ಬೊಟ್ಟು ಯಾವುದು ಅನ್ನುವುದು ಆಮೇಲೆ ದೇವರಿಗೂ ತಿಳಿಯಲಿಲ್ಲ. ಕಣ್ಣಿಗೆ ಬಿದ್ದ ಬೊಟ್ಟಿಗೆ ಬೊಟ್ಟು ಕೂಡಿಸಿ ಬಿಗಿದ. ನಳಿಗೆಯ ನೆತ್ತಿಯ ಮೇಲಿರಬೇಕಾದ, ಗುರಿ ಹಿಡಿಯುವ ಮೊಳೆ ಎಡಗಡೆಗೆ ವಾಲಿ ನಿಂತಿತು.

"ಏನಯ್ಯಾ ಇದು, ಸೊಟ್ಟಗೈತಲ್ಲ! ಹೊಲಕ್ಕೆ ನುಗ್ಗೋ ಹಂದಿ ಹೆಂಗೆ ಹೊಡೀಲಿ?" ಅಂತ ಪಟೇಲರು ಕೆರಳಿದರು.

ಆವತ್ತು ಅವನು ಅಂಗೈ ತೋರಿಸಲಿಲ್ಲ. ತನ್ನ ಕತ್ತನ್ನು ಭುಜದ ಮೇಲೆ ವಾಲಿಸಿ ತೋರಿಸಿದ. "ಕೋವಿ ಸರಿಯಾಗೇ ಐತೆ ಸ್ವಾಮಿ. ನೀವು ವಸಿ ಹಿಂಗೆ ವಾಲ್ಕಳಿ."

ಪಟೇಲರು ವಾಲಿಕೊಂಡರು. ಆಮೇಲೆ ಹೊಲದ ಬದುವಿನ ಮೇಲೆ ಅವರನ್ನು ಕಂಡಾಗಲೆಲ್ಲ ಕತ್ತು ಹಾಗೇ ಇರುತ್ತಿತ್ತು. ಹಂದಿಗಳು ಮಾತ್ರ ನೆಟ್ಟಗೆ ಬಂದು, ತಿಂದು, ನೆಟ್ಟಗೆ ಹೋಗುತ್ತಿದ್ದವು.