ಲಿಫ್ಟ್ ಮೇಸ್ತ್ರಿ ಆರಿಸಿಕೊಂಡ ಸ್ಕೋಪು

ಲಿಫ್ಟ್ ಮೇಸ್ತ್ರಿ ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಕೆಟ್ಟ ಲಿಫ್ಟು ರಿಪೇರಿ ಮಾಡುವವನು ಮೆಟ್ಟಿಲು ಹತ್ತಿಯೇ ಹೋಗಬೇಕು. ವರ್ಷಾನುಗಟ್ಟಲೆ ಹಾಗೇ ಹತ್ತಿದ. ಈಚೆಗೆ ನಡುವೆ ನಿಂತು ಕಂಬಿ ಹಿಡಿದುಕೊಳ್ಳುತ್ತಿದ್ದ. ಹೆಂಡತಿ ಕೇಳಿದರೆ, "ವಯಸ್ಸಾಯ್ತು ಕಣೇ, ಇನ್ನೇನು ಕುಣೀಲಾ?" ಎನ್ನುತ್ತಿದ್ದ.

ಅವನಿಗಿದ್ದ ಹುಚ್ಚು ಒಂದೇ. ಭಾನುವಾರ ಬಂತೆಂದರೆ ರೈಫಲ್ ಹೆಗಲಿಗೇರಿಸಿ ಊರಾಚೆಯ ಮೈದಾನಕ್ಕೆ ಹೋಗಿ ದೂರದ ಗುರಿಗೆ ಹೊಡೆಯುವುದು. ಜಮಖಾನ, ನೀರು ಹಿಡಿದು ಹೆಂಡತಿ ಹಿಂದೆ. ಆ ದೂರಕ್ಕೆ ಗುರಿಹಲಗೆ ಬರಿಗಣ್ಣಿಗೆ ಉಗುರಿನಷ್ಟು ಕಾಣುತ್ತದೆ. ಗುರಿಕಾರರ ಕ್ಲಬ್ಬಿನವರು ರೈಫಲ್ಲಿನ ಮೇಲೆ ಕೂರಿಸಲು ಕೊಡುತ್ತಿದ್ದ ದುರ್ಬೀನು, ಅಂದರೆ ಸ್ಕೋಪು, ಮಸುಕಾಗಿತ್ತು. ಕ್ಲಬ್ಬಿನ ಸ್ಪರ್ಧೆ ಹತ್ತಿರ ಬಂದಿತ್ತು. ಸ್ವಂತದ್ದೊಂದು ಕೊಳ್ಳಲು ಇಬ್ಬರೂ ಬಂದೂಕಿನ ಅಂಗಡಿಗೆ ಹೋದರು.

"ಹತ್ತು ಪವರಿನದು ಸಾಕು ಮೇಸ್ತ್ರಿ, ಹತ್ತು ಪಟ್ಟು ಹತ್ತಿರ ತೋರಿಸತ್ತೆ. ದೊಡ್ಡದು ತಗೊಂಡ್ರೆ ಬಿಸಿಲಲ್ಲಿ ಗಾಳಿ ಕುದಿಯೋದು ಕಾಣತ್ತೆ, ಗುರಿ ಕಾಣಲ್ಲ," ಎಂದ ಅಂಗಡಿಯವ.

"ಚಿಕ್ಕದನ್ನ ನಿಮ್ಮಳಿಯನಿಗೆ ಕೊಡಿ," ಎಂದು ಮೇಸ್ತ್ರಿ ಎಲ್ಲಕ್ಕಿಂತ ದೊಡ್ಡದನ್ನೇ ಎತ್ತಿಕೊಂಡ.

ಭಾನುವಾರ ಮೈದಾನದಲ್ಲಿ ಬೋರಲು ಮಲಗಿ, ರೈಫಲ್ಲನ್ನು ಮರಳಿನ ಚೀಲದ ಮೇಲಿಟ್ಟು ಕಣ್ಣು ಹಚ್ಚಿದ. ಗಾಜಿನೊಳಗೆ ಎರಡು ಗೆರೆ ಒಂದನ್ನೊಂದು ದಾಟುವ ಜಾಗ ಗುರಿಯ ಮೇಲೆ ನಿಲ್ಲಬೇಕು. ನಿಲ್ಲಲಿಲ್ಲ. ಸಣ್ಣಗೆ ಮಿಡಿದು, ಒಮ್ಮೆ ಸುಮ್ಮನಾಗಿ, ಆಮೇಲೆ ಎಗರಿತು. ಮತ್ತೆ ಹಾಗೇ.

"ಗೆರೆ ಸಡಿಲ ಆಗಿದೆ. ತಗಡು ಮಾಲು ತಲೆಗೆ ಕಟ್ಟಿದಾನೆ," ಎಂದು ಕಿಡಿಕಿಡಿಯಾಗಿ ಹೆಂಡತಿಯೊಂದಿಗೆ ನೇರ ಅಂಗಡಿಗೆ ಬಂದ.

ಅಂಗಡಿಯವ ಸ್ಕೋಪನ್ನು ಬೆಂಚಿನ ಕಬ್ಬಿಣದ ಹಿಡಿಕೆಗೆ ಬಿಗಿದು, ಎದುರು ಗೋಡೆಯ ಗಡಿಯಾರಕ್ಕೆ ತಿರುಗಿಸಿ ನೋಡಿದ. ಗೆರೆ ಕದಲಲಿಲ್ಲ.

"ಮಾಲು ಸರಿ ಇದೆ. ಇಷ್ಟು ಪವರಿನಲ್ಲಿ ಎದೆ ಬಡಿತಾನೂ ಕಾಣತ್ತೆ, ಎಲ್ಲರಿಗೂ. ಆದ್ರೆ ಒಂದೇ ಸಮ ಮಿಡಿಯತ್ತೆ. ಹೀಗೆ ಎಗರಲ್ಲ."

ಸ್ಕೋಪನ್ನು ಮತ್ತೆ ರೈಫಲ್ಲಿಗೆ ಬಿಗಿದು, ಹಿತ್ತಿಲಲ್ಲಿ ಚಾಪೆ ಹಾಸಿಕೊಟ್ಟ. ಮೊದಲು ಮೇಸ್ತ್ರಿಯ ಹೆಂಡತಿ ಮಲಗಿ ನೋಡಿದಳು. ಸಣ್ಣ ಮಿಡಿತ, ಹೊಲಿಗೆ ಹಾಕಿದಂತೆ ಒಂದೇ ಸಮ. ಆಮೇಲೆ ಗಂಡ ಮಲಗಿದ. ಅವಳು ಅವನ ಬೆನ್ನ ಮೇಲೆ ಅಂಗೈ ಇಟ್ಟಳು.

"ನಿಂತಿತು," ಎಂದ ಅವನು. ಅಂಗೈ ಕೆಳಗೆ ಎದೆಬಡಿತವೂ ನಿಂತಿತು.

"ಎಗರಿತು."

ಅಂಗೈಗೆ ಗುದ್ದಿದಂತಾಯಿತು. ಅವಳು ಕೈ ತೆಗೆಯಲಿಲ್ಲ.

"ರೀ, ನಡೀರಿ ಡಾಕ್ಟರ ಹತ್ರ. ಈಗಲೇ."

"ಹೋದ್ರೆ ಮಲಗು ಅಂತಾರೆ. ಬಂದೂಕು ಮುಟ್ಟಬೇಡ ಅಂತಾರೆ. ಸ್ಪರ್ಧೆ ಮುಗೀಲಿ."

"ಸ್ಪರ್ಧೆಗೆ ಬೆಂಕಿ ಬೀಳ್ಲಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಅಂಗಡೀಲಿ ಮಾನ ಕಳೀಬೇಡ್ವೇ," ಎಂದು ಎದ್ದು ಮಂಡಿ ಕೊಡವಿಕೊಂಡ. ದೊಡ್ಡದನ್ನು ಮೇಜಿನ ಮೇಲಿಟ್ಟು, "ಆ ಹತ್ತು ಪವರಿನದು ಕೊಡಿ" ಎಂದ.

ಅದರಲ್ಲಿ ನೋಡಿದ. ಗುರಿ ಚಿಕ್ಕದಾಗಿ ಕಂಡಿತು. ಎಗರುವುದು ಕಾಣಲಿಲ್ಲ. "ನೋಡು, ಸರಿಹೋಯ್ತು," ಎಂದು ಮಗುವಿನಂತೆ ನಕ್ಕ. ಅವಳು ಮೂರು ದಿನ ಮಾತು ಬಿಟ್ಟಳು. ಊಟ ಬಡಿಸಿ ಪಕ್ಕಕ್ಕೆ ಕೂರುತ್ತಿದ್ದಳು. ಅವನು ಜಗ್ಗಲಿಲ್ಲ.

ಸ್ಪರ್ಧೆಯಲ್ಲಿ ಚೆನ್ನಾಗಿಯೇ ಹೊಡೆದ. ಎರಡನೆಯವನಾಗಿ ಬಂದ. "ನಾಳೆ ಡಾಕ್ಟರು," ಎಂದು ತಾನೇ ಹೇಳಿದ.

ಬೆಳಿಗ್ಗೆ ಫೋನು ಬಂತು. ಯಾವುದೋ ಕಟ್ಟಡದ ಲಿಫ್ಟಿನಲ್ಲಿ ಜನ ಸಿಕ್ಕಿಹಾಕಿಕೊಂಡಿದ್ದರು. ಬಂದವನೇ ಡಾಕ್ಟರ ಹತ್ತಿರ ಹೋಗೋಣ ಎಂದು ಚೀಲ ಹಿಡಿದು ಹೋದ. ಎಲ್ಲರನ್ನೂ ಇಳಿಸಿದ. ತಾನು ಮೇಲಿನ ಮೆಟ್ಟಿಲ ಮೇಲೆ ಕೂತ. ಏಳಲಿಲ್ಲ.

ಮನೆ ತುಂಬ ಜನ. "ಪುಣ್ಯವಂತ, ನರಳಲಿಲ್ಲ. ಒಂದು ಸೂಚನೆ ಕೂಡ ಇರಲಿಲ್ಲ, ಅಲ್ವಾ?" ಎಂದಳು ಪಕ್ಕದ ಮನೆಯಾಕೆ.

"ಇತ್ತು," ಎಂದಳು ಮೇಸ್ತ್ರಿಯ ಹೆಂಡತಿ.

ಅಂಗಡಿಯವ ಬಾಗಿಲಲ್ಲೇ ನಿಂತಿದ್ದ. "ನಾನು ಸ್ಕೋಪು ಬದಲಾಯಿಸಿ ಕೊಡಬಾರದಿತ್ತು ಅಕ್ಕ."

"ಬೇರೆ ಅಂಗಡೀಲಿ ತರ್ತಿದ್ರು. ಒಳಗೆ ಬಾ," ಎಂದು ಅವನಿಗೆ ಕೂರಲು ಜಾಗ ಬಿಟ್ಟು ಸರಿದು ಕೂತಳು.