ಹತ್ತನೆಯ ಮೊಳೆ

ನಮ್ಮ ಮನೆಯೊಡತಿಯ ಹಿಮ್ಮಡಿಗಳು ಬೆಣ್ಣೆಯ ಹಾಗಿದ್ದವು. ಅರವತ್ತೊಂದು ವರ್ಷದ ಹೆಂಗಸು, ಕೈಬೆರಳುಗಳೆಲ್ಲ ಗಂಟುಗಂಟು, ಮುಖದ ತುಂಬ ಬಿಸಿಲು ಗಾಳಿ ಕೊರೆದ ಗೆರೆಗಳು. ಪಾದ ಮಾತ್ರ ಎಳೆಗೂಸಿನದು. ದಿನಾ ಸಂಜೆ ಆರಕ್ಕೆ ಅಡಿಗೆಮನೆಯ ಸ್ಟೂಲಿನ ಮೇಲೆ ಕೂತು, ಉಣ್ಣೆಯ ಸಾಕ್ಸ್ ಕಳಚಿ, ತಗಡಿನ ಡಬ್ಬಿಯಿಂದ ಜಿಂಕೆಯ ಕೊಬ್ಬು ತೆಗೆದು ಬೆರಳುಗಳ ಸಂದಿಗೆಲ್ಲ ತಿಕ್ಕಿಕೊಳ್ಳುತ್ತಿದ್ದರು. ಆ ವಾಸನೆಗೆ ನಾನು ಮೂಗು ಮುಚ್ಚಿಕೊಂಡು ಮೆಟ್ಟಿಲು ಹತ್ತಿ ಓಡುತ್ತಿದ್ದೆ.

ನಾನು ಧಾರವಾಡದವಳು. ಡಾಕ್ಟರಿಕೆ ಮುಗಿಸಿ, ಸಾವಿರದ ಒಂಬೈನೂರ ಎಪ್ಪತ್ತರ ಆಚೀಚೆ, ಉತ್ತರ ಜರ್ಮನಿಯ ಒಂದು ಸಣ್ಣ ಊರಿನ ಆಸ್ಪತ್ರೆಗೆ ಕಿರಿಯ ವೈದ್ಯೆಯಾಗಿ ಬಂದಿದ್ದೆ. ಊರು ದಾಟಿದರೆ ಕಣ್ಣು ಹಾಯುವಷ್ಟು ದೂರ ಹೈಡೆ: ಮೊಣಕಾಲೆತ್ತರದ ಕುರುಚಲು ಗಿಡ, ನಡುನಡುವೆ ಕಪ್ಪು ನೀರು ನಿಂತ ಜೌಗು. ಒಡತಿ ತಮ್ಮ ಮನೆಯ ಮೇಲಿನ ರೂಮನ್ನು ನನಗೆ ಬಾಡಿಗೆಗೆ ಕೊಟ್ಟಿದ್ದರು. ಗಂಡ ಯುದ್ಧದಿಂದ ತಿರುಗಿ ಬಂದಿರಲಿಲ್ಲ, ಮಕ್ಕಳಿರಲಿಲ್ಲ. ಮೂವತ್ತು ವರ್ಷ ಆ ಹೈಡೆಯ ಹಳ್ಳಿಗಳಿಗೆ ನಡೆದೇ ಟಪಾಲು ಹಂಚಿ ನಿವೃತ್ತರಾದವರು. ಅವರದು ಆ ಸೀಮೆಯ ಒರಟು ಜರ್ಮನ್. ಪುಸ್ತಕದ ಜರ್ಮನ್ ಕಲಿತು ಬಂದ ನನಗೆ ಮೊದಮೊದಲು ಅರ್ಧ ತಿಳಿಯುತ್ತಿರಲಿಲ್ಲ. ತಿಳಿಯತೊಡಗಿದ ಮೇಲೆ ಅದು ನನ್ನ ಕಿವಿಗೆ ಥೇಟು ನಮ್ಮ ಧಾರವಾಡದ ಮಾತಾಗಿಯೇ ಕೇಳಿಸಿತು. ಇವತ್ತಿಗೂ ಅವರ ಮಾತು ನನಗೆ ನೆನಪಾಗುವುದು ಹಾಗೆಯೇ. ಹಾಗೇ ಬರೆಯುತ್ತೇನೆ.

ಬಂದ ಮೊದಲ ಭಾನುವಾರ ಕೆಳಗೆ ಕರೆದು, ಪ್ಲಮ್ ಹಣ್ಣಿನ ಕೇಕು ಮುಂದಿಟ್ಟು, "ತಿಂತಿಯೇನು?" ಅಂದರು. ಬೆಳಗಿನಿಂದ ಹೊಟ್ಟೆಗೆ ಏನೂ ಇರಲಿಲ್ಲ. ಆದರೂ ನಮ್ಮ ಮನೆಯ ಸಂಸ್ಕಾರ ನೋಡಿ, ಕೇಳಿದ ತಕ್ಷಣ ಕೈ ಚಾಚುವುದುಂಟೆ? "ಬ್ಯಾಡ್ರಿ, ಈಗ ಊಟ ಆತು" ಅಂದೆ. ಅವರು ತಲೆಯಾಡಿಸಿ ತಟ್ಟೆಯನ್ನು ಎತ್ತಿ ಕಪಾಟಿನೊಳಗಿಟ್ಟು ಬಾಗಿಲು ಹಾಕಿಬಿಟ್ಟರು! ನಾನು ರೂಮಿಗೆ ಹೋಗಿ ಅತ್ತೆ. ಎಂಥ ಕಲ್ಲುಹೃದಯದ ಹೆಂಗಸು ಅಂತ ಅವ್ವನಿಗೆ ನಾಲ್ಕು ಪುಟ ಕಾಗದ ಬರೆದೆ.

ತಿಂಗಳುಗಟ್ಟಲೆ ಹೀಗೇ ನಡೆದು, ನಾನು ಸೊರಗಿ ಕಡ್ಡಿಯಾದ ಮೇಲೆ ಒಂದು ದಿನ ತಾಳದೆ ಹೇಳಿಬಿಟ್ಟೆ. ನಮ್ಮ ಕಡೆ ಮೊದಲನೇ ಸಲ ಕೇಳಿದರೆ ಬೇಡ ಅನ್ನಬೇಕು. ಎರಡನೇ ಸಲವೂ ಬೇಡ ಅನ್ನಬೇಕು. ಮೂರನೇ ಸಲ ಕೇಳಿದಾಗ ತಿನ್ನಬೇಕು. ಮೂರು ಸಲ ಕೇಳದವರು ಮನಸ್ಸಿನಿಂದ ಕೇಳಿದವರೇ ಅಲ್ಲ.

ಒಡತಿ ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದರು. ಆಮೇಲೆ ನಕ್ಕರು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಅಯ್ಯ ಹುಚ್ಚಿ! ಅಂದ್ರ ಇಷ್ಟು ದಿನ ನೀ ಉಪಾಸ ಇದ್ದೇನ? ಇಲ್ಲೆ ಬ್ಯಾಡಂದ್ರ ಬ್ಯಾಡ ನೋಡವಾ." ಅಂದಿನಿಂದ ಅದೊಂದು ಆಟವಾಯಿತು. ಒಂದು ಬೆರಳೆತ್ತಿ "ಕೇಕು?" ಅನ್ನುವರು. ಬ್ಯಾಡ. ಎರಡು ಬೆರಳು. ಬ್ಯಾಡ್ರಿ. ಮೂರು ಬೆರಳು. ಆಗ ನಾನು ತಟ್ಟೆಗೆ ಕೈ ಹಾಕುವೆ. ಕೊನೆಕೊನೆಗೆ ಅವರೂ ಅದನ್ನೇ ಕಲಿತರು. ಅವರಿಗೆ ನೆಗಡಿಯಾದಾಗ ನಾನು ಶುಂಠಿ ಕಷಾಯ ಒಯ್ದರೆ, ಒಂದು ಬೆರಳೆತ್ತಿ "ಬ್ಯಾಡ" ಎಂದು ಮುಖ ತಿರುಗಿಸಿ ಕೂರುತ್ತಿದ್ದರು, ಇನ್ನೆರಡು ಸಲ ಕೇಳಲಿ ಅಂತ. ಎಷ್ಟು ವರ್ಷವಾಗಿತ್ತೋ ಪಾಪ, ಅವರನ್ನು ಯಾರಾದರೂ ಒಂದು ಮಾತು ಕೇಳಿ.

ಅಡಿಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಒಂಬತ್ತು ಮೊಳೆಗೆ ಒಂಬತ್ತು ಮೆಡಲು, ಪಕ್ಕದಲ್ಲಿ ಒಂದು ಖಾಲಿ ಮೊಳೆ. ಪ್ರತಿ ಅಕ್ಟೋಬರಿನಲ್ಲಿ ಅಲ್ಲಿ ಒಂದು ನಡಿಗೆ ನಡೆಯುತ್ತಿತ್ತು. ಹೈಡೆ ಮತ್ತು ಜೌಗಿನ ಮೇಲೆ ಐವತ್ತು ಕಿಲೋಮೀಟರು, ಹನ್ನೆರಡು ಗಂಟೆಯ ಗಡುವು. ಕೊರಳಿಗೆ ಒಂದು ಕಾರ್ಡು. ಹತ್ತತ್ತು ಕಿಲೋಮೀಟರಿಗೆ ಅದರ ಮೇಲೊಂದು ಸ್ಟಾಂಪು. ಮುಗಿಸಿದವರಿಗೆ ಮೆಡಲು. ಸಾಲಾಗಿ ಹತ್ತು ವರ್ಷ ಮುಗಿಸಿದವರಿಗೆ ಹಿತ್ತಾಳೆಯ ಬಿಲ್ಲೆಯಲ್ಲಿ ಒಂದು ನಂಬರು. ಆ ನಂಬರನ್ನು ಅವರು ಸತ್ತ ಮೇಲೂ ಇನ್ನೊಬ್ಬರಿಗೆ ಕೊಡುವುದಿಲ್ಲ. ಒಂದು ವರ್ಷ ತಪ್ಪಿದರೂ ಲೆಕ್ಕ ಮೊದಲಿಂದ. ಒಡತಿ ಒಂಬತ್ತನೆಯ ನಡಿಗೆ ಮುಗಿಸಿ ಬಂದ ಮರುದಿನವೇ ಹತ್ತನೆಯ ಮೊಳೆ ಬಡಿದಿಟ್ಟಿದ್ದರು. "ಮಕ್ಕಳಿಲ್ಲ ಮರಿ ಇಲ್ಲ, ನನ್ನ ಹೆಸರಿಲೆ ಒಂದು ನಂಬರರ ಉಳೀಲಿ" ಅನ್ನುತ್ತಿದ್ದರು. ಅವರು ಬಾಯಿಬಿಟ್ಟು ಬಯಸಿದ್ದೆಂದು ನಾನು ಕೇಳಿದ್ದು ಅದೊಂದನ್ನೇ.

ನಾನು ಆ ನಡಿಗೆಗೆ ಹೆಸರು ಕೊಟ್ಟದ್ದು ಬರೀ ಹಟಕ್ಕೆ. ಆಸ್ಪತ್ರೆಯ ಹಿರಿಯ ವೈದ್ಯರು ಎಲ್ಲರೆದುರು, "ಈ ಸೀರೆಯ ಹುಡುಗಿ ಎರಡನೇ ಸ್ಟಾಂಪಿನ ಹೊತ್ತಿಗೆ ನಮ್ಮ ಆಂಬುಲೆನ್ಸಿನಲ್ಲೇ ವಾಪಸು ಬರುತ್ತಾಳೆ" ಎಂದು ನಕ್ಕಿದ್ದರು. ನನ್ನ ಮೈ ಉರಿದುಹೋಯಿತು. ಸಂಜೆ ಒಡತಿಯ ಮುಂದೆ ಹೋಗಿ "ನನ್ನನ್ನೂ ಕರೆದುಕೊಂಡು ಹೋಗ್ರಿ" ಅಂದೆ. ಅವರು ನನ್ನ ಕಾಲನ್ನೊಮ್ಮೆ, ಮುಖವನ್ನೊಮ್ಮೆ ನೋಡಿ, "ಚಪ್ಪಲಿ ಬಿಟ್ಟು ಬೂಟು ತಗೋ" ಅಂದರು.

ಬೇಸಗೆಯುದ್ದಕ್ಕೂ ಭಾನುವಾರಗಳಂದು ನನ್ನನ್ನು ನಡೆಸಿದರು. ಹುಟ್ಟಿದ ಮೇಲೆ ಮೊದಲ ಸಲ ಪ್ಯಾಂಟು ಹಾಕಿಕೊಂಡೆ. ಜೌಗಿನಲ್ಲಿ ಎಲ್ಲಿ ಕಾಲಿಡಬೇಕು, ಎಲ್ಲಿ ಹಸಿರು ಕಂಡರೂ ನಂಬಬಾರದು, ಎಲ್ಲ ಹೇಳಿಕೊಟ್ಟರು. ಜಿಂಕೆಯ ಕೊಬ್ಬಿನ ಡಬ್ಬಿ ಮುಂದೆ ಹಿಡಿದರು, ಮೂರು ಬೆರಳು ಎತ್ತಿಯೇ ಕೇಳಿದರು. ನಾನು ಶಿವ ಶಿವಾ ಎಂದು ಹಿಂದೆ ಸರಿದು, ನಮ್ಮಲ್ಲಿ ಅದನ್ನು ಮುಟ್ಟುವುದಿಲ್ಲ, ನನಗೆ ಕೊಬ್ಬರಿಎಣ್ಣೆ ಇದೆ ಅಂದೆ. ಅಲ್ಲಿಯ ಬೇಸಗೆಯ ಥಂಡಿಗೂ ಕೊಬ್ಬರಿಎಣ್ಣೆ ಡಬ್ಬಿಯಲ್ಲಿ ಕಲ್ಲಾಗಿ ಕೂತಿತ್ತು.

ಇನ್ನೊಂದನ್ನು ಬರೆಯಲೇಬೇಕು. ಆ ಸೆಪ್ಟೆಂಬರಿನಲ್ಲಿ ಒಡತಿ ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಸೆರಗಿನಂಥ ತಮ್ಮ ಏಪ್ರನ್ನಿನಿಂದ ಕಟಕಟೆ ಒರೆಸಲು ಶುರುಮಾಡಿದ್ದರು. ದಿನಾ ಅದೇ ಜಾಗ. ಎಂಥ ಚೊಕ್ಕ ಹೆಂಗಸು ಅಂದುಕೊಂಡೆ. ಎಡತೋಳು ತಿಕ್ಕಿಕೊಳ್ಳುತ್ತಿದ್ದರು, ಟಪಾಲಿನ ಚೀಲ ಹೊತ್ತ ಭುಜ, ಥಂಡಿಗೆ ಹಿಡಿಯುತ್ತದೆ ಅನ್ನುತ್ತಿದ್ದರು. ನಾನು ಹೂಂಗುಟ್ಟಿ ನನ್ನ ಹೃದಯರೋಗದ ಪುಸ್ತಕ ಓದಲು ಮೇಲೆ ಹೋಗುತ್ತಿದ್ದೆ. ನಗಬೇಕೆನಿಸಿದರೆ ನಗಿ.

ನಡಿಗೆಯ ದಿನ ಬೆಳಿಗ್ಗೆ ಆರಕ್ಕೆ ಹೊರಟೆವು. ಮಂಜು, ಸಣ್ಣ ಮಳೆ. ಮೊದಲ ಸ್ಟಾಂಪಿನ ತನಕ ನಾನು ಕುದುರೆಯ ಹಾಗೆ ನಡೆದೆ. ಎರಡನೆಯದರ ಹೊತ್ತಿಗೆ ಹಿಮ್ಮಡಿಗಳಲ್ಲಿ ಬೊಬ್ಬೆ ಎದ್ದವು. ಅಲ್ಲಿ ಬಟಾಣಿ ಸಾರು ಕೊಡುತ್ತಿದ್ದರು, ಅದರಲ್ಲಿ ಹಂದಿಯ ತುಂಡು. ನಾನು ಒಣ ಬ್ರೆಡ್ಡು ಕಡಿದುಕೊಂಡು ಎದ್ದೆ. ಇಪ್ಪತ್ತೈದು ಕಿಲೋಮೀಟರಿಗೆ ಬೊಬ್ಬೆ ಒಡೆದು, ಹೆಜ್ಜೆಹೆಜ್ಜೆಗೂ ಜೀವ ಬಾಯಿಗೆ ಬರತೊಡಗಿತು. ಒಂದು ಜೂನಿಪರ್ ಗಿಡದ ಬುಡದಲ್ಲಿ ಕೂತು ಅಳಲು ಶುರುಮಾಡಿದೆ.

ಒಡತಿ ನನ್ನನ್ನು ಏನೂ ಕೇಳಲಿಲ್ಲ, ಬೆರಳನ್ನೂ ಎಣಿಸಲಿಲ್ಲ. ಆ ಕೆಸರಿನಲ್ಲಿ ಮಂಡಿಯೂರಿ ಕೂತು, ನನ್ನ ಬೂಟು ಬಿಚ್ಚಿ, ರಕ್ತ ಒರೆಸಿ, ಬಟ್ಟೆ ಸುತ್ತಿ, ಬೆರಳಿಂದ ಹಿಮ್ಮಡಿಯ ತನಕ ಜಿಂಕೆಯ ಕೊಬ್ಬು ತಿಕ್ಕಿದರು. ನನ್ನ ಅವ್ವನಿಗಿಂತ ದೊಡ್ಡವರು ನನ್ನ ಕಾಲು ಹಿಡಿದು ಕೂತಿದ್ದಾರೆ. "ಬ್ಯಾಡ್ರಿ, ಪಾಪ ಬರ್ತದ ನನಗ, ಕಾಲು ಬಿಡ್ರಿ" ಎಂದು ಕೂಗಿಕೊಂಡೆ.

"ಸುಮ್ನ ಕೂಡು. ಕಾಲಿಗೇನು ಜಾತಿ ಅದ ಏನ?" ಅಂದರು. ಅವರ ಕೈ ನಡುಗುತ್ತಿತ್ತು. ಚಳಿಗೆ ಅಂದುಕೊಂಡೆ. ಅಲ್ಲಿ ಅರ್ಧ ಗಂಟೆ ಹೋಯಿತು, ನನ್ನಿಂದಾಗಿ. ಅವರೊಬ್ಬರೇ ಆಗಿದ್ದರೆ ಆ ಅರ್ಧ ಗಂಟೆ ಅವರದಾಗಿರುತ್ತಿತ್ತು. ಎಲ್ಲಿ ಬೇಕಾದರೂ ಕೂತು ದಣಿವಾರಿಸಿಕೊಳ್ಳಬಹುದಿತ್ತು.

ಆಮೇಲೆ ಅವರೇ ನನ್ನನ್ನು ಎಳೆದುಕೊಂಡು ಹೊರಟರು. ಹೋದ ಹೊತ್ತನ್ನು ಹಿಡಿಯಬೇಕಲ್ಲ. ಜೌಗಿಗೆ ಹಾಸಿದ ಹಲಗೆಗಳ ಮೇಲೆ ಅವರ ಬೂಟಿನ ಸದ್ದು ಮುಂದೆ, ನನ್ನದು ಹಿಂದೆ. ನಾಲ್ಕನೆಯ ಸ್ಟಾಂಪು ಬಿದ್ದಾಗ ನಾಲ್ಕು ಗಂಟೆಗೆ ಹತ್ತು ನಿಮಿಷ ಇತ್ತು. ಇನ್ನು ಹತ್ತು ಕಿಲೋಮೀಟರು. ಸ್ವಲ್ಪ ದೂರ ಹೋಗಿ, ಕುರಿದೊಡ್ಡಿಯ ಪಕ್ಕದ ಬೆಂಚಿನ ಮೇಲೆ ಅವರು ಕೂತುಬಿಟ್ಟರು.

ಮುಖ ಬೂದಿಬಣ್ಣವಾಗಿತ್ತು. ಹಣೆಯ ಮೇಲೆ ಬೆವರಿತ್ತು, ಅಂಥ ಚಳಿಯಲ್ಲಿ. ಕೈ ಎದೆಯ ಮೇಲಿತ್ತು. ನಾನು ಡಾಕ್ಟರು. ನನಗೆ ತಿಳಿಯಲಿಲ್ಲ ಅಂತ ಯಾರ ಮುಂದೆ ಹೇಳಲಿ?

"ನಾನೂ ಕೂಡ್ಲೇನ್ರಿ?" ಅಂದೆ.

"ಬ್ಯಾಡ. ನೀ ನಡಿ. ನಾ ಸ್ವಲ್ಪ ದಮ್ಮು ಹಿಡದು ಬರ್ತೀನಿ" ಅಂದರು. ಅನ್ನುತ್ತ ಮೊಣಕಾಲ ಮೇಲಿದ್ದ ಕೈಯಿಂದ ಒಂದು ಬೆರಳೆತ್ತಿದರು.

ಆ ಬೆರಳು ಕಾಣಲಿಲ್ಲ ಅಂದರೆ ಸುಳ್ಳಾಗುತ್ತದೆ. ಕಂಡಿತು. ಅದೇನೆಂದೂ ತಿಳಿಯಿತು. ಆದರೆ ಕೈಗಡಿಯಾರವನ್ನೂ ನೋಡಿಕೊಂಡೆ. ಹಿರಿಯ ವೈದ್ಯರ ನಗು ನೆನಪಾಯಿತು. ಇದು ಜರ್ಮನಿ, ಇಲ್ಲಿ ಬ್ಯಾಡಂದ್ರ ಬ್ಯಾಡ, ಇವರೇ ಹೇಳಿಕೊಟ್ಟದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಎಷ್ಟು ಶಾಣ್ಯಾಕಿ ನಾನು! ತಿರುಗಿ ನೋಡದೆ ನಡೆದೆ. ಅವರು ಹಚ್ಚಿದ ಕೊಬ್ಬಿನಿಂದ ಕಾಲು ಉರಿಯುತ್ತಿರಲಿಲ್ಲ, ಅದಕ್ಕೇ ನಡೆಯಲಾಯಿತು.

ಗಡುವಿಗೆ ಆರು ನಿಮಿಷ ಮುಂಚೆ ಮುಟ್ಟಿದೆ. ಬ್ಯಾಂಡು ಬಾರಿಸುತ್ತಿದ್ದರು. ಕೊರಳಿಗೆ ಮೆಡಲು ಹಾಕಿದರು, ಫೋಟೋ ತೆಗೆದರು. ಮೆಡಲು ಮೊದಲು, ಆಮೇಲೆ ನಾನು ಬಾಯಿಬಿಟ್ಟೆ: ಹಿಂದೆ ಒಬ್ಬರು ಕೂತಿದ್ದಾರೆ, ಆರಾಮಿಲ್ಲ. ಮೇಜಿನ ಹಿಂದಿದ್ದಾತ ತಲೆಯಾಡಿಸಿದ. ದಾರಿಯ ಬಾಣದ ಗುರುತುಗಳನ್ನು ಕಿತ್ತುಕೊಂಡು ಎಲ್ಲರ ಹಿಂದೆ ಬರುವ ಮನುಷ್ಯ ಅವರನ್ನು ಬೆಂಚಿನ ಕೆಳಗೆ ಬಿದ್ದಲ್ಲಿ ಕಂಡಿದ್ದನಂತೆ. ಆಂಬುಲೆನ್ಸು ಆಗಲೇ ಹೋಗಿತ್ತು. ನಮ್ಮ ಆಸ್ಪತ್ರೆಯದೇ.

ನಾನು ವಾರ್ಡಿಗೆ ಹೋದಾಗ ಹಿರಿಯ ವೈದ್ಯರು ಹಾಸಿಗೆಯ ಪಕ್ಕದಲ್ಲಿದ್ದರು. ಹೃದಯಾಘಾತ, ದೊಡ್ಡದು. ಅವರು ನನ್ನ ಕೊರಳನ್ನು ನೋಡಿದರು. ಮೆಡಲು ತೆಗೆಯುವುದನ್ನು ಮರೆತಿದ್ದೆ. "ನೀವು ಇವರ ಜೊತೆಗಿದ್ದಿರಲ್ಲವೇ?" ಎಂದು ಕೇಳಿದರು, ಅಷ್ಟೇ. ಸೋತು ಆಂಬುಲೆನ್ಸಿನಲ್ಲಿ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು.

ಐದಾರು ದಿನದ ಮೇಲೆ ಒಡತಿಗೆ ಮಾತಾಡುವಷ್ಟು ಶಕ್ತಿ ಬಂತು. ನಾನು ಕ್ಷಮೆ ಕೇಳಲು ಬಾಯಿ ತೆರೆದರೆ ಅಳುವೇ ಬಂತು. ಅವರು ಬೈಯಲಿಲ್ಲ. ಬೈದಿದ್ದರೆ ನಾನು ಇಷ್ಟು ವರ್ಷ ಇದನ್ನು ಹೊರುತ್ತಿರಲಿಲ್ಲ. ಚಾದರದ ಮೇಲೆ ಕೈಬೆರಳು ಬಿಡಿಸಿಟ್ಟು, "ಎರಡನೇ ಬಟ್ಟು ತಯಾರ ಇಟಗೊಂಡು ಕೂತಿದ್ದೆ. ನೀ ತಿರುಗಿ ಬಂದು ಇನ್ನೊಮ್ಮೆ ಕೇಳ್ತಿ ಅಂತ ಮಾಡಿದ್ದೆ. ನಿಮ್ಮ ಕಡೆ ಹಂಗಲ್ಲೇನ?" ಅಂದರು. ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ ಹಾಗಿತ್ತು ಅವರ ದನಿ.

ಅವರು ಮನೆಗೆ ಬಂದ ದಿನ ನನ್ನ ಮೆಡಲು ಒಯ್ದು ಹತ್ತನೆಯ ಮೊಳೆಯ ಕೆಳಗೆ ನಿಂತೆ. "ಇದನ್ನ ಇಲ್ಲಿ ಹಾಕ್ಲೇನ್ರಿ? ಇದು ನಿಮ್ಮದು, ನನ್ನ ಕಾಲು ನಡದದ್ದು ನಿಮ್ಮ ಕೈಯಿಂದ."

"ಬ್ಯಾಡ."

ಎರಡನೆಯ ಸಲ ಕೇಳಿದೆ. "ಬ್ಯಾಡ." ಮೂರನೆಯ ಸಲವೂ ಕೇಳಿದೆ. ಅವರು ನನ್ನ ಮುಖವನ್ನು ದಿಟ್ಟಿಸಿ, "ನಾ ಈ ಕಡೆಯಾಕಿ. ಬ್ಯಾಡಂದ್ರ ಬ್ಯಾಡ" ಅಂದರು. ಸ್ಟೂಲಿನ ಮೇಲೆ ಕೂತಿದ್ದರು, ಸಾಕ್ಸ್ ಹಾಕಿಕೊಂಡೇ. ಕೊಬ್ಬಿನ ಡಬ್ಬಿಯನ್ನು ಅವರು ಮತ್ತೆ ತೆರೆಯಲಿಲ್ಲ.

ಎರಡು ಚಳಿಗಾಲ ಬದುಕಿದ್ದರು. ಮೆಟ್ಟಿಲು ಹತ್ತಲಾಗದೆ ಕೆಳಗಿನ ಕೋಣೆಯಲ್ಲೇ ಮಲಗುತ್ತಿದ್ದರು. ನಾನು ಔಷಧಿ ಕೊಟ್ಟೆ, ಅಡಿಗೆ ಮಾಡಿದೆ, ಮೈ ಒರೆಸಿದೆ. ಏನು ಒಯ್ದರೂ ಮೊದಲ ಸಲಕ್ಕೇ "ಹೂಂ, ಕೊಡು" ಅನ್ನುತ್ತಿದ್ದರು. ಬೆರಳೆಣಿಸುವ ಆಟ ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ. ಫೆಬ್ರವರಿಯ ಒಂದು ಬೆಳಿಗ್ಗೆ ಕಾಫಿ ಒಯ್ದಾಗ ಹೋಗಿಬಿಟ್ಟಿದ್ದರು. ಮನೆ ಮಾರಿದ ದೂರದ ಸಂಬಂಧಿ ಒಂಬತ್ತು ಮೆಡಲುಗಳನ್ನು ಒಂದು ಶೂ ಪೆಟ್ಟಿಗೆಗೆ ತುಂಬಿಕೊಂಡು ಹೋದ. ಮೊಳೆಗಳನ್ನು ಹೊಸ ಮನೆಯವರು ಕಿತ್ತಿರಬೇಕು.

ನಾನು ಆ ಊರಿನಲ್ಲೇ ಉಳಿದೆ. ಮದುವೆಯಾಯಿತು, ಸ್ವಂತ ಕ್ಲಿನಿಕ್ಕಾಯಿತು. ಬಂದವರಿಗೆ ನಾನು ಕಾಫಿ ಬೇಕೇ ಎಂದು ಮೂರು ಸಲ ಕೇಳಿದರೆ ಮಕ್ಕಳಿಗೆ ನಾಚಿಕೆ. "ಅವರು ನೈನ್, ಬೇಡ ಅಂದ್ರಲ್ಲ ಮಮ್ಮಿ!" ಎಂದು ಜರ್ಮನ್ನಿನಲ್ಲಿ ಸಿಡುಕುತ್ತವೆ. ಪೇಷಂಟುಗಳನ್ನೂ ಹಾಗೇ ಕೇಳುತ್ತೇನೆ. ಎದೆ ನೋಯುತ್ತದೆಯೇ? ಇಲ್ಲ. ನೋಯುವುದಿಲ್ಲವೇ? ಇಲ್ಲ. ನಿಜ ಹೇಳಿ, ನೋಯುವುದಿಲ್ಲವೇ? ಮೂರನೆಯ ಸಲಕ್ಕೆ ಎಷ್ಟೋ ಜನ ತಲೆ ತಗ್ಗಿಸಿ ನೋಯುತ್ತದೆ ಅನ್ನುತ್ತಾರೆ. ಬಹಳ ತಾಳ್ಮೆಯ ಡಾಕ್ಟರು ಎಂದು ಊರು ನನ್ನನ್ನು ಹೊಗಳುತ್ತದೆ. ಹೊಗಳಲಿ. ಆ ಬೆಂಚಿನ ಮುಂದೆ ನಾನು ಕೇಳಿದ್ದು ಒಂದೇ ಸಲ.